ಕ್ಯೂ, ಜೆ, ಎಕ್ಸ್, ಝಡ್ ಕೈಗೆ ಬಂದಾಗ: ಸ್ಕ್ರ್ಯಾಬಲ್ ಗೆಲ್ಲಿಸುವ ಪುಟಾಣಿ ಪದಗಳು

ಸ್ಕ್ರ್ಯಾಬಲ್ ಆಡುವಾಗ ಚೀಲಕ್ಕೆ ಕೈಹಾಕಿ ತೆಗೆದ ಬಿಲ್ಲೆ ‘ಕ್ಯೂ’ ಆಗಿದ್ದರೆ ಹೊಸಬರ ಮುಖ ಸಪ್ಪಗಾಗುತ್ತದೆ. ಬಿಲ್ಲೆಯ ಮೂಲೆಯಲ್ಲಿ 10 ಅಂಕ ಎಂದೇನೋ ಬರೆದಿರುತ್ತದೆ. ಆದರೆ ಶಾಲೆಯಲ್ಲಿ ಕಲಿತ ಕ್ವೀನ್, ಕ್ವಿಕ್, ಕ್ವಶ್ಚನ್ ಯಾವುದನ್ನು ನೆನೆದರೂ ಕ್ಯೂ ಪಕ್ಕದಲ್ಲಿ ‘ಯು’ ಬೇಕೇ ಬೇಕು. ಆಟದ 100 ಬಿಲ್ಲೆಗಳಲ್ಲಿ ಯು ಇರುವುದು ನಾಲ್ಕೇ ನಾಲ್ಕು. ಅದು ಬರಲಿ ಎಂದು ಕಾದು ಕೂತವರ ಕೈಯಲ್ಲಿ ಕೊನೆಗೆ ಕ್ಯೂ ಹಾಗೇ ಉಳಿದರೆ ಅವರ ಮೊತ್ತದಿಂದ 10 ಅಂಕ ಕಳೆಯುತ್ತಾರೆ. ಬಿಲ್ಲೆಗಳನ್ನು ಮೊದಲು ಮುಗಿಸಿದ ಎದುರಾಳಿಗೆ ಆ 10 ಸೇರುತ್ತದೆ. ಒಂದೇ ಬಿಲ್ಲೆಯಿಂದ 20 ಅಂಕದ ಅಂತರ ಬಿತ್ತು.

ಈ ಕಷ್ಟಕ್ಕೆ ಪರಿಹಾರ ಎರಡೇ ಅಕ್ಷರದ್ದು: ಕ್ಯೂ-ಐ. ಉಚ್ಚಾರ ‘ಚೀ’. ಚೀನೀ ವೈದ್ಯಪದ್ಧತಿಯಲ್ಲಿ ದೇಹದೊಳಗಿನ ಪ್ರಾಣಶಕ್ತಿಗೆ ಇರುವ ಹೆಸರು ಇದು. ಇಂಗ್ಲಿಷ್ ನಿಘಂಟುಗಳು ಇದನ್ನು ತಮ್ಮ ಪದವೆಂದೇ ಒಪ್ಪಿಕೊಂಡಿವೆ. ಕ್ಯೂ ಬಿದ್ದ ಮನೆ ಅಕ್ಷರದ ಬೆಲೆಯನ್ನು ಮೂರುಪಟ್ಟು ಮಾಡುವಂಥದ್ದಾಗಿದ್ದು, ಅಡ್ಡಕ್ಕೂ ಉದ್ದಕ್ಕೂ ‘ಐ’ ಸಿಕ್ಕರೆ, ಒಂದೊಂದು ದಿಕ್ಕಿಗೆ 31ರಂತೆ ಒಟ್ಟು 62 ಅಂಕ. ದೊಡ್ಡ ದೊಡ್ಡ ಪದ ಜೋಡಿಸಿದವರಿಗೂ ಎಷ್ಟೋ ಸಲ ಅಷ್ಟು ಅಂಕ ಬರುವುದಿಲ್ಲ.

ಇಂಥ ಪುಟ್ಟ ಪದಗಳ ಪಟ್ಟಿಯೇ ಸ್ಕ್ರ್ಯಾಬಲ್‌ನ ಬೆನ್ನೆಲುಬು. ಆಟಕ್ಕೆ ಬೇಕಾದದ್ದು ಇಂಗ್ಲಿಷ್ ಪಾಂಡಿತ್ಯ ಎಂದುಕೊಂಡು ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಜನ ಬೋರ್ಡಿನ ಹತ್ತಿರವೇ ಸುಳಿಯುವುದಿಲ್ಲ. ಆ ಹಿಂಜರಿಕೆಗೆ ಕಾರಣವಿಲ್ಲ. ಪದಬಂಧ ತುಂಬಿಸುವ ಅಭ್ಯಾಸವಿದ್ದವರಿಗೆ, ಮಗ್ಗಿ ಬಾಯಿಪಾಠ ಮಾಡಿದ ತಲೆಮಾರಿಗೆ ಈ ಪಟ್ಟಿ ಸುಲಭಕ್ಕೆ ಒಲಿಯುತ್ತದೆ. ಇಲ್ಲಿ ಇಂಗ್ಲಿಷ್ ಪದಗಳ ಕಾಗುಣಿತವನ್ನು ಅಕ್ಷರಗಳ ಹೆಸರಿನಲ್ಲೇ, ನಡುವೆ ಗೆರೆ ಹಾಕಿ ಕೊಟ್ಟಿದೆ. ‘ಎ’ ಎಂದರೆ ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರ, ‘ಇ’ ಐದನೆಯದು, ‘ಐ’ ಒಂಬತ್ತನೆಯದು.

ಆಟ ಹುಟ್ಟಿದ್ದು ಅಮೆರಿಕದಲ್ಲಿ, 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿ ಆಲ್ಫ್ರೆಡ್ ಮೋಷರ್ ಬಟ್ಸ್, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದರು. ಹೆಚ್ಚು ಬಳಕೆಯ ‘ಇ’ ಅಕ್ಷರಕ್ಕೆ 12 ಬಿಲ್ಲೆ, ತಲಾ ಒಂದೇ ಅಂಕ. ಅಪರೂಪದ ಕ್ಯೂ ಮತ್ತು ಝಡ್‌ಗೆ ಒಂದೊಂದೇ ಬಿಲ್ಲೆ, 10 ಅಂಕ. ಜೆ ಮತ್ತು ಎಕ್ಸ್‌ಗೂ ಒಂದೊಂದೇ, 8 ಅಂಕ. ‘ಎಸ್’ ಬಳಕೆ ಎಷ್ಟೇ ಹೆಚ್ಚಿದ್ದರೂ ಅದಕ್ಕೆ ನಾಲ್ಕೇ ಬಿಲ್ಲೆ ಕೊಟ್ಟರು. ಇಲ್ಲದಿದ್ದರೆ ಎಲ್ಲರೂ ಪದದ ಕೊನೆಗೆ ಎಸ್ ಅಂಟಿಸಿ ಬಹುವಚನ ಮಾಡಿಕೊಂಡೇ ಅಂಕ ಗಳಿಸುತ್ತಿದ್ದರು. ಬಟ್ಸ್ ಇಟ್ಟಿದ್ದ ಹೆಸರುಗಳು ಬೇರೆ. ಜೇಮ್ಸ್ ಬ್ರೂನೊ ಎಂಬುವರು ಹಕ್ಕು ಪಡೆದು 1948ರಲ್ಲಿ ‘ಸ್ಕ್ರ್ಯಾಬಲ್’ ಎಂದು ನೋಂದಾಯಿಸಿದರು. ಮರುವರ್ಷ ಅವರ ಕುಟುಂಬ 2,400 ಸೆಟ್ ತಯಾರಿಸಿ ನಷ್ಟ ಮಾಡಿಕೊಂಡಿತು. ಆಟ ಎಲ್ಲರ ಮನೆ ಸೇರಿದ್ದು 1950ರ ದಶಕದಲ್ಲಿ. ಬಟ್ಸ್ ಅಂದು ನಿಗದಿ ಮಾಡಿದ ಅಂಕಗಳು ಇಂಗ್ಲಿಷ್ ಆಟದಲ್ಲಿ ಇವತ್ತಿಗೂ ಹಾಗೇ ಇವೆ.

ಯಾವ ಪದ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ತೀರ್ಮಾನಿಸುವುದು ನಿಘಂಟು. ಅಮೆರಿಕ ಮತ್ತು ಕೆನಡಾದಲ್ಲಿ ಆಟದ ಹಕ್ಕು ಹ್ಯಾಸ್ಬ್ರೋ ಕಂಪನಿಯದು, ಉಳಿದೆಡೆ ಮ್ಯಾಟೆಲ್‌ನದು. ಹಾಗಾಗಿ ಅಲ್ಲಿನ ಪದಪಟ್ಟಿ ಬೇರೆ, ನಮ್ಮದು ಬೇರೆ. ಭಾರತದ ಟೂರ್ನಿಗಳಲ್ಲಿ ನಡೆಯುವುದು ‘ಕಾಲಿನ್ಸ್ ಸ್ಕ್ರ್ಯಾಬಲ್ ವರ್ಡ್ಸ್’. ಅದರ 2019ರ ಆವೃತ್ತಿಯಲ್ಲಿ ಸುಮಾರು 2,80,000 ಪದಗಳಿದ್ದವು. ಅಷ್ಟರಲ್ಲಿ ಎರಡಕ್ಷರದವು 127 ಮಾತ್ರ. ಅಮೆರಿಕದ ಪಟ್ಟಿಯಲ್ಲಿ 107. ಲೋಕವೆಲ್ಲ ದಿನಕ್ಕೆ ನೂರು ಸಲ ಹೇಳುವ ‘ಓ-ಕೆ’ ಅಮೆರಿಕದ ನಿಘಂಟಿಗೆ ಸೇರಿದ್ದು 2018ರಲ್ಲಿ, ಕಾಲಿನ್ಸ್‌ಗೆ 2019ರಲ್ಲಿ. ಅದಕ್ಕೂ ಮೊದಲು ಬೋರ್ಡಿನ ಮೇಲೆ ಓಕೆ ಇಟ್ಟರೆ ಎದುರಾಳಿ ಎತ್ತಿಸುತ್ತಿದ್ದ. ಮೊಬೈಲಿನಲ್ಲಿ ಆಡುವವರು ಸೆಟ್ಟಿಂಗ್ಸ್‌ನಲ್ಲಿ ಯಾವ ನಿಘಂಟು ಆಯ್ಕೆಯಾಗಿದೆ ಎಂದು ಮೊದಲೇ ನೋಡಿಕೊಳ್ಳಬೇಕು. ಇಲ್ಲಿ ಮುಂದೆ ಹೇಳುವ ಪದಗಳೆಲ್ಲ ಕಾಲಿನ್ಸ್ ಒಪ್ಪಿದವು.

ಎರಡಕ್ಷರದ ಪದಕ್ಕೆ ಇಷ್ಟು ಬೆಲೆ ಯಾಕೆ ಎಂಬುದು ಒಂದು ನಡೆಯನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ.

ಬೋರ್ಡು 15 ಮನೆ ಅಗಲ, 15 ಮನೆ ಉದ್ದ. ಮೊದಲ ಆಟಗಾರ್ತಿ ನಟ್ಟನಡುವಿನ ಮನೆಯಿಂದ ಶುರುಮಾಡಿ ಅಡ್ಡಕ್ಕೆ ಎಸ್-ಎ-ಆರ್-ಐ, ಅಂದರೆ ನಮ್ಮ ಸೀರೆಯನ್ನೇ ಇಟ್ಟಳು ಎನ್ನೋಣ. ನಾಲ್ಕು ಅಕ್ಷರಕ್ಕೆ ನಾಲ್ಕು ಅಂಕ, ನಡುಮನೆ ಪದದ ಬೆಲೆಯನ್ನು ಇಮ್ಮಡಿ ಮಾಡುವುದರಿಂದ ಎಂಟು. ಎರಡನೆಯವನ ಕೈಯಲ್ಲಿ ಓ, ಎಕ್ಸ್, ಇ, ಎನ್ ಇವೆ. ಎತ್ತುಗಳು ಎಂಬ ಅರ್ಥದ ‘ಆಕ್ಸನ್’ ಎಲ್ಲರಿಗೂ ಗೊತ್ತಿರುವ ಪದ. ಅದನ್ನು ಎಲ್ಲೋ ದೂರದಲ್ಲಿ ಒಂದು ಅಕ್ಷರಕ್ಕೆ ತಗುಲಿಸಲು ಹೊಸಬ ಪರದಾಡುತ್ತಾನೆ. ಪಳಗಿದವನು ಅದನ್ನು ಸೀರೆಯ ಕೆಳಗಿನ ಸಾಲಿನಲ್ಲಿ, ಅಕ್ಷರದ ಕೆಳಗೆ ಅಕ್ಷರ ಬರುವಂತೆ ಇಡುತ್ತಾನೆ. ಈಗ ಮೇಲಿನಿಂದ ಕೆಳಕ್ಕೆ ಓದಿ: ಎಸ್-ಓ, ಎ-ಎಕ್ಸ್, ಆರ್-ಇ, ಐ-ಎನ್. ನಾಲ್ಕೂ ನಿಘಂಟಿನಲ್ಲಿರುವ ಪದಗಳೇ. ಎಕ್ಸ್ ಬಿದ್ದ ಮನೆ ಅಕ್ಷರವನ್ನು ಇಮ್ಮಡಿ ಮಾಡುವಂಥದ್ದು. ಆದ್ದರಿಂದ ಅದರ 8 ಅಂಕ 16 ಆಗಿ, ಅಡ್ಡಪದಕ್ಕೂ ಸೇರುತ್ತದೆ, ಉದ್ದಪದಕ್ಕೂ ಸೇರುತ್ತದೆ. ಆಕ್ಸನ್‌ಗೆ 19, ಎ-ಎಕ್ಸ್‌ಗೆ 17, ಉಳಿದ ಮೂರಕ್ಕೆ ಎರಡೆರಡು. ಒಟ್ಟು 42. ಅದೇ ನಾಲ್ಕು ಬಿಲ್ಲೆಗಳನ್ನು ಬೆಲೆ ಹೆಚ್ಚಿಸುವ ಮನೆ ಇಲ್ಲದ ಕಡೆ ಒಂಟಿಯಾಗಿ ಇಟ್ಟಿದ್ದರೆ 11.

ಹೀಗೆ ಒಂದು ಪದದ ಪಕ್ಕಕ್ಕೆ ಇನ್ನೊಂದನ್ನು ಒತ್ತಾಗಿ ಕೂರಿಸಬೇಕಾದರೆ ನಡುವೆ ಹುಟ್ಟುವ ಪ್ರತಿ ಜೋಡಿಯೂ ಸರಿಯಾದ ಪದವಾಗಿರಬೇಕು. ಎರಡಕ್ಷರದ ಪಟ್ಟಿ ಬಾಯಿಗೆ ಬಂದಿದ್ದರೆ ಬೋರ್ಡಿನಲ್ಲಿ ಇತರರಿಗೆ ಮುಚ್ಚಿಕೊಂಡಂತೆ ಕಾಣುವ ಜಾಗಗಳು ತೆರೆದುಕೊಳ್ಳುತ್ತವೆ. ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಂದೇ ಸಲ ಇಟ್ಟರೆ ಸಿಗುವ 50 ಅಂಕದ ಬೋನಸ್‌ಗೂ ಇದೇ ದಾರಿ. ಉದ್ದದ ಪದ ಕೈಯಲ್ಲಿ ತಯಾರಿದ್ದರೂ ಅದನ್ನು ಇಡಲು ಜಾಗ ಕೊಡುವುದು ಈ ಪುಟ್ಟ ಜೋಡಿಗಳೇ.

ಮೊದಲು ಕಲಿಯಬೇಕಾದದ್ದು ದುಬಾರಿ ಅಕ್ಷರಗಳ 11 ಪದಗಳನ್ನು. ಎಕ್ಸ್ ಈ ಗುಂಪಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಬಿಲ್ಲೆ, ಯಾಕೆಂದರೆ ಇಂಗ್ಲಿಷಿನ ಐದೂ ಸ್ವರಗಳ ಜೊತೆ ಅದು ಹೊಂದಿಕೊಳ್ಳುತ್ತದೆ. ಎ, ಇ, ಓ ಅಕ್ಷರಗಳ ಹಿಂದೆ ಬರುತ್ತದೆ: ಎ-ಎಕ್ಸ್, ಇ-ಎಕ್ಸ್, ಓ-ಎಕ್ಸ್. ಐ ಮತ್ತು ಯು ಅಕ್ಷರಗಳ ಮುಂದೆ ಬರುತ್ತದೆ: ಎಕ್ಸ್-ಐ, ಎಕ್ಸ್-ಯು. ಇವುಗಳಲ್ಲಿ ಮೊದಲನೆಯದು ಕೊಡಲಿ, ಎಕ್ಸ್-ಐ ಗ್ರೀಕ್ ಅಕ್ಷರ, ಎಕ್ಸ್-ಯು ವಿಯೆಟ್ನಾಮಿನ ಚಿಲ್ಲರೆ ನಾಣ್ಯ. ಕೈಯಲ್ಲಿ ಎಕ್ಸ್ ಇದ್ದವರು ಬೋರ್ಡಿನಲ್ಲಿ ಯಾವುದಾದರೂ ಸ್ವರದ ಪಕ್ಕ ಬೆಲೆ ಹೆಚ್ಚಿಸುವ ಬಣ್ಣದ ಮನೆ ಖಾಲಿ ಇದೆಯೇ ಎಂದು ಹುಡುಕಬೇಕು. ಸಾಮಾನ್ಯವಾಗಿ ಇರುತ್ತದೆ.

ಜೆಗೆ ಎರಡು: ಜೆ-ಎ ಮತ್ತು ಜೆ-ಓ. ಮೊದಲನೆಯದು ದಕ್ಷಿಣ ಆಫ್ರಿಕದಲ್ಲಿ ‘ಹೌದು’ ಎನ್ನಲು ಬಳಸುವ ಮಾತು, ಎರಡನೆಯದು ಸ್ಕಾಟ್ಲೆಂಡಿನಲ್ಲಿ ಪ್ರೀತಿಪಾತ್ರರನ್ನು ಕರೆಯುವ ಪದ. ಝಡ್‌ಗೆ ಮೂರು: ಝಡ್-ಎ ಎಂದರೆ ಪಿಜ್ಜಾದ ಮೊಟಕು ಹೆಸರು, ಝಡ್-ಇ ಗಂಡು ಹೆಣ್ಣೆಂಬ ಭೇದವಿಲ್ಲದ ಸರ್ವನಾಮ, ಝಡ್-ಓ ಹಿಮಾಲಯದ ಪ್ರಾಣಿ. ಈ ಮೂರನೆಯದರ ವಿಚಾರ ಸ್ವಾರಸ್ಯದ್ದು. ಲಡಾಖಿನ ಕಡೆ ಯಾಕ್ ಮತ್ತು ಹಸುವಿನ ಮಿಶ್ರತಳಿಯನ್ನು ಹೊರೆ ಹೊರಲು, ಉಳಲು ಸಾಕುತ್ತಾರೆ. ಅದರ ಟಿಬೆಟನ್ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದರು, ನಿಘಂಟು ಎಲ್ಲವನ್ನೂ ಉಳಿಸಿಕೊಂಡಿತು. ಝಡ್-ಓ, ಝಡ್-ಎಚ್-ಓ, ಡಿ-ಝಡ್-ಓ, ಡಿ-ಎಸ್-ಓ, ಡಿ-ಝಡ್-ಎಚ್-ಓ ಐದೂ ಸರಿ. ಒಂದೇ ಪ್ರಾಣಿ, ಆಟಗಾರನಿಗೆ ಐದು ಅವಕಾಶ. ಅಮೆರಿಕದ ಪಟ್ಟಿ ಇಷ್ಟು ಉದಾರವಲ್ಲ. ಅಲ್ಲಿ ಎರಡಕ್ಷರದಲ್ಲಿ ಝಡ್-ಎ ಒಂದೇ ನಡೆಯುತ್ತದೆ, ಜೆ-ಎ ನಡೆಯುವುದಿಲ್ಲ.

ಕ್ಯೂಗೆ ಎರಡಕ್ಷರದಲ್ಲಿ ಕ್ಯೂ-ಐ ಬಿಟ್ಟು ಬೇರೆ ಇಲ್ಲ. ಐದು, ಎರಡು, ಮೂರು, ಒಂದು ಸೇರಿ ಹನ್ನೊಂದಾಯಿತು.

ಇದರ ಜೊತೆಗೇ ತಿಳಿದಿರಬೇಕಾದ ಮಾತು: ‘ವಿ’ ಅಕ್ಷರವಿರುವ ಎರಡಕ್ಷರದ ಪದ ಒಂದೂ ಇಲ್ಲ. ‘ಸಿ’ ಇರುವುದೂ ಸಿ-ಎಚ್ ಒಂದೇ. ಹಾಗಾಗಿ ಕೈಯಲ್ಲಿ ವಿ ಇದ್ದಾಗ ಪದದ ಪಕ್ಕಕ್ಕೆ ಪದ ಕೂರಿಸುವ ಜಾಣತನ ನಡೆಯುವುದು ಕಷ್ಟ. ವಿ ಬಂದ ಸರದಿಯಲ್ಲೋ ಮುಂದಿನದರಲ್ಲೋ ಅದನ್ನು ಬಳಸಿ ಮುಗಿಸುವುದು ಲೇಸು. ಎದುರಾಳಿಗೆ ಒಂದು ಬದಿಯನ್ನು ಮುಚ್ಚಬೇಕಿದ್ದರೆ ಮಾತ್ರ ಇದೇ ವಿ, ಇದೇ ಸಿ ಕೆಲಸಕ್ಕೆ ಬರುತ್ತವೆ.

ಇನ್ನೊಂದು ಸಾಮಾನ್ಯ ತಾಪತ್ರಯ ಕೈತುಂಬ ಸ್ವರಗಳೇ ತುಂಬಿಕೊಳ್ಳುವುದು. 100ರಲ್ಲಿ 42 ಬಿಲ್ಲೆ ಸ್ವರಗಳಾದ್ದರಿಂದ ಇದು ಆಗಾಗ ಆಗುತ್ತದೆ. ಬರೀ ಸ್ವರಗಳಿಂದಲೇ ಆದ ಎರಡಕ್ಷರದ ಪದಗಳು ಹತ್ತು ಇವೆ: ಎ-ಎ, ಎ-ಇ, ಎ-ಐ, ಇ-ಎ, ಇ-ಇ, ಐ-ಓ, ಓ-ಇ, ಓ-ಐ, ಓ-ಓ, ಓ-ಯು. ಹವಾಯಿ ದ್ವೀಪಗಳ ಒರಟು ಲಾವಾಕ್ಕೆ ಎ-ಎ ಎನ್ನುತ್ತಾರೆ. ಎ-ಐ ಎಂದರೆ ಇವತ್ತು ಎಲ್ಲರಿಗೂ ಕೃತಕ ಬುದ್ಧಿಮತ್ತೆಯೇ ನೆನಪಾಗುತ್ತದೆ, ಆದರೆ ಸಂಕ್ಷಿಪ್ತಾಕ್ಷರಗಳಿಗೆ ಈ ಆಟದಲ್ಲಿ ಜಾಗವಿಲ್ಲ. ಆ ಪದ ಸಿಂಧುವಾಗಿರುವುದು ದಕ್ಷಿಣ ಅಮೆರಿಕದ ಮರಗಳಲ್ಲಿ ಜೋತಾಡುವ ಮೂರು ಬೆರಳಿನ ಸ್ಲಾತ್‌ನ ಹೆಸರಾಗಿ. ಐದಕ್ಷರದ ‘ಅಡ್ಯೂ’, ‘ಆಡಿಯೊ’ ಪದಗಳು ಒಂದೇ ಏಟಿಗೆ ನಾಲ್ಕು ಸ್ವರಗಳನ್ನು ಖಾಲಿ ಮಾಡುತ್ತವೆ. ವ್ಯಂಜನಗಳೇ ತುಂಬಿದಾಗ ಎಚ್-ಎಂ, ಎಂ-ಎಂ, ಎಸ್-ಎಚ್, ಎಸ್-ಟಿ ಎಂಬ ಉದ್ಗಾರಗಳಿವೆ. ಮೂರಕ್ಷರದಲ್ಲಿ ಎನ್-ಟಿ-ಎಚ್, ಬಿ-ಆರ್-ಆರ್, ಮತ್ತು ವೇಲ್ಸ್ ನಾಡಿನ ಬೆಟ್ಟದ ಬೋಗುಣಿ ಕಣಿವೆಗೆ ಹೇಳುವ ಸಿ-ಡಬ್ಲ್ಯೂ-ಎಂ. ಈ ಕೊನೆಯದು 10 ಅಂಕದ ಪದ.

ಇಷ್ಟರವರೆಗೆ ಹೇಳಿದ್ದು ಚೀನಾ, ಸ್ಕಾಟ್ಲೆಂಡ್, ಹವಾಯಿಯ ಪದಗಳು. ಕನ್ನಡದ ಓದುಗರಿಗೆ ಇನ್ನೂ ಒಂದು ಅನುಕೂಲವಿದೆ. ನಮ್ಮ ಅಡುಗೆಮನೆ, ಕಚೇರಿ, ಕಾಡು, ಕಛೇರಿ ಸಂಗೀತದ ನೂರಾರು ಪದಗಳು ಬ್ರಿಟಿಷರ ಕಾಲದಿಂದ ಇಂಗ್ಲಿಷಿಗೆ ಹೋಗಿ ನಿಘಂಟಿನಲ್ಲಿ ಕೂತಿವೆ. ಲಂಡನ್ನಿನ ಆಟಗಾರ ಅವನ್ನು ಉರುಹೊಡೆಯಬೇಕು. ನಮಗೆ ಅವು ಹುಟ್ಟಿನಿಂದ ಬಂದವು. ಕಾಗುಣಿತ ಮಾತ್ರ ಖಚಿತ ಮಾಡಿಕೊಂಡರೆ ಸಾಕು.

ಮತ್ತೆ ಕ್ಯೂನಿಂದಲೇ ಶುರುಮಾಡೋಣ. ಪಾರಸಿ, ಅರಬಿ ಮೂಲದ ಎಷ್ಟೋ ಮಾತುಗಳು ಕನ್ನಡದಲ್ಲಿ ನೆಲೆಯಾಗಿವೆ, ಮತ್ತು ಇಂಗ್ಲಿಷಿನಲ್ಲಿ ಯು ಇಲ್ಲದೆ ಕ್ಯೂ ಬರುವ ಪದಗಳಲ್ಲಿ ಬಹುಪಾಲು ಅವೇ. ಫಕೀರ: ಎಫ್-ಎ-ಕ್ಯೂ-ಐ-ಆರ್. ತಲಾಖ್: ಟಿ-ಎ-ಎಲ್-ಎ-ಕ್ಯೂ. ಬುರ್ಖಾ: ಬಿ-ಯು-ಆರ್-ಕ್ಯೂ-ಎ. ಇದರಲ್ಲಿ ಯು ಇದೆ, ಆದರೆ ಕ್ಯೂ ಹಿಂದೆ ಅಲ್ಲ. ನಿಕಾಬ್: ಎನ್-ಐ-ಕ್ಯೂ-ಎ-ಬಿ. ಖವ್ವಾಲಿ ಏಳಕ್ಷರದ್ದು: ಕ್ಯೂ-ಎ-ಡಬ್ಲ್ಯೂ-ಡಬ್ಲ್ಯೂ-ಎ-ಎಲ್-ಐ. ಖಾಜಿಗೆ ಕ್ಯೂ-ಎ-ಡಿ-ಐ. ಅವೇ ನಾಲ್ಕು ಅಕ್ಷರ ತಿರುಗಿಸಿ ಕ್ಯೂ-ಎ-ಐ-ಡಿ ಮಾಡಿದರೆ ಮುಖಂಡ ಎಂಬರ್ಥದ ಇನ್ನೊಂದು ಪದ. ನೆಲದಡಿಯ ನೀರಿನ ಸುರಂಗಕ್ಕೆ ಕ್ಯೂ-ಎ-ಎನ್-ಎ-ಟಿ ಎನ್ನುತ್ತಾರೆ. ಬಹಮನಿ ಸುಲ್ತಾನರ ಕಾಲದ ಅಂಥ ಸುರಂಗ ಬೀದರಿನ ನೌಬಾದಿನಲ್ಲಿದೆ, ಊರವರು ಅದನ್ನು ಕರೇಜ್ ಎಂದು ಕರೆಯುತ್ತಾರೆ. ಬೀದರಿನ ಹುಡುಗನೊಬ್ಬ ಈ ಐದಕ್ಷರವನ್ನು ಒಮ್ಮೆ ನೋಡಿದರೆ ಜನ್ಮದಲ್ಲಿ ಮರೆಯಲಾರ. ಬೋರ್ಡಿನಲ್ಲಿ ಯಾರಾದರೂ ಟಿ-ಎ-ಎಲ್-ಎ, ಅಂದರೆ ತಾಳ ಇಟ್ಟಿದ್ದರೆ ಅದರ ಕೊನೆಗೆ ಕ್ಯೂ ಒಂದನ್ನೇ ಸೇರಿಸಿ ತಲಾಖ್ ಮಾಡಬಹುದು ಎಂಬುದು ಎಷ್ಟೋ ಒಳ್ಳೆಯ ಆಟಗಾರರಿಗೂ ತಟ್ಟನೆ ಹೊಳೆಯುವುದಿಲ್ಲ.

ಜೆ ಬಂದರೆ ರಾಜ್, ತಾಜ್, ಜೈ ಮೂರೂ ಮೂರಕ್ಷರದಲ್ಲಿ ಸಿಗುತ್ತವೆ: ಆರ್-ಎ-ಜೆ, ಟಿ-ಎ-ಜೆ, ಜೆ-ಎ-ಐ. ರಾಜ್ ಪದ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೆ ಎ ಸೇರಿಸಿದರೆ ರಾಜ, ಎಚ್ ಸೇರಿಸಿದರೆ ಹಳೆಯ ಕಾಗುಣಿತದ ರಾಜ, ಎಸ್ ಸೇರಿಸಿದರೆ ರಾಜರು. ಪ್ರತಿ ಸಲ ಒಂದು ಬಿಲ್ಲೆ ಇಟ್ಟವರಿಗೆ ಇಡೀ ಪದದ ಅಂಕ, ಜೆಯ 8 ಸಮೇತ. ಪೂಜೆಗೆ ಪಿ-ಯು-ಜೆ-ಎ, ಸ್ವರಾಜ್‌ಗೆ ಎಸ್-ಡಬ್ಲ್ಯೂ-ಎ-ಆರ್-ಎ-ಜೆ. ಸಜ್ಜೆಗೆ ಬಿ-ಎ-ಜೆ-ಆರ್-ಎ. ಜೋಳಕ್ಕೆ ಜೆ-ಓ-ಡಬ್ಲ್ಯೂ-ಎ-ಆರ್ ಇಟ್ಟು ಮುಂದಿನ ಸರದಿಯಲ್ಲಿ ಐ ಸೇರಿಸಿದರೂ ಸರಿಯೇ.

ಝಡ್ ಬಂದಾಗ ಜರಿಸೀರೆಯ ಜರಿ ನೆನಪಿರಲಿ: ಝಡ್-ಎ-ಆರ್-ಐ. ಜಿಲ್ಲೆಗೆ ಝಡ್-ಐ-ಎಲ್-ಎ. ಅದರ ಕೆಳಗಿನ ತಾಲ್ಲೂಕೂ ಇದೆ, ಟಿ-ಎ-ಎಲ್-ಯು-ಕೆ. ಲಕ್ಷಕ್ಕೆ ಎಲ್-ಎ-ಕೆ-ಎಚ್, ಕೋಟಿಗೆ ಸಿ-ಆರ್-ಓ-ಆರ್-ಇ. ಬೀದಿಗಿಳಿದವರ ಬಂದ್, ಧರಣಿ, ಘೇರಾವ್, ಅವರ ಮೇಲೆ ಬೀಸುವ ಲಾಠಿ ಎಲ್ಲವೂ ನಿಘಂಟಿನಲ್ಲಿವೆ. ಬಂದ್ ಎಂಬುದಕ್ಕೆ ಕೊನೆಯಲ್ಲಿ ಡಿ-ಎಚ್ ಬೇಕು, ಲಾಠಿಗೆ ನಡುವೆ ಟಿ-ಎಚ್.

ಕಾಡಿನ ಹೆಸರುಗಳು ಇನ್ನೂ ಚೆಂದ. ಬಂಡೀಪುರ, ನಾಗರಹೊಳೆಗೆ ಸಫಾರಿ ಹೋದವರು ಕೇಳಿರುವ ಗೌರ್, ಅಂದರೆ ಕಾಟಿ, ಜಿ-ಎ-ಯು-ಆರ್. ಕಾಡುನಾಯಿ ಡಿ-ಎಚ್-ಓ-ಎಲ್-ಇ. ಚುಕ್ಕೆ ಜಿಂಕೆ ಸಿ-ಎಚ್-ಐ-ಟಿ-ಎ-ಎಲ್. ಕಡವೆ ಎಸ್-ಎ-ಎಂ-ಬಿ-ಎ-ಆರ್. ಸಂಗೀತದಲ್ಲಿ ರಾಗ, ತಾಳ, ತಬಲಾ, ಸಿತಾರ್ ಜೊತೆಗೆ ವೀಣೆಗೆ ಎರಡು ಕಾಗುಣಿತ ನಡೆಯುತ್ತವೆ, ವಿ-ಐ-ಎನ್-ಎ ಎಂದೂ ವಿ-ಇ-ಇ-ಎನ್-ಎ ಎಂದೂ. ವಿ ಅಕ್ಷರವನ್ನು ಕೈಯಿಂದ ಸಾಗಹಾಕಲು ವೀಣೆಗಿಂತ ಒಳ್ಳೆಯ ಉಪಾಯ ಕನ್ನಡಿಗರಿಗೆ ಬೇರೆ ಬೇಡ.

ಇನ್ನು ಅಡುಗೆಮನೆ. ರಾಗಿ ಆರ್-ಎ-ಜಿ-ಐ. ತುಪ್ಪಕ್ಕೆ ಜಿ-ಎಚ್-ಇ-ಇ ಎಲ್ಲರಿಗೂ ಗೊತ್ತು, ಜಿ-ಎಚ್-ಐ ಕೂಡ ಸರಿ ಎಂಬುದು ಕೆಲವರಿಗೇ ಗೊತ್ತು. ಬೇಳೆಗೆ ಡಿ-ಎ-ಎಲ್, ಡಿ-ಎ-ಎಚ್-ಎಲ್, ಡಿ-ಎಚ್-ಎ-ಎಲ್ ಮೂರೂ ಒಪ್ಪಿತ. ರೊಟ್ಟಿಗೆ ಆರ್-ಓ-ಟಿ-ಐ, ಪೂರಿಗೆ ಪಿ-ಯು-ಆರ್-ಐ. ದೋಸೆ ಡಿ-ಓ-ಎಸ್-ಎ. ಇಡ್ಲಿ ಐ-ಡಿ-ಎಲ್-ಐ, ಬಹುವಚನಕ್ಕೆ ಕೊನೆಯಲ್ಲಿ ಎಸ್. ಇಲ್ಲೊಂದು ಎಚ್ಚರಿಕೆ ಬೇಕು. ಬೆಂಗಳೂರಿನ ಹೋಟೆಲುಗಳ ಬೋರ್ಡಿನಲ್ಲಿ ಇಡ್ಲಿಯ ಕೊನೆಗೆ ವೈ ಬರೆಯುವುದು ರೂಢಿ. ವೈ ಇಟ್ಟರೂ ಸ್ಕ್ರ್ಯಾಬಲ್ ಒಪ್ಪುತ್ತದೆ, ಆದರೆ ಅದು ‘ಸುಮ್ಮನೆ, ಕೆಲಸವಿಲ್ಲದೆ’ ಎಂಬ ಅರ್ಥದ ಬೇರೆ ಪದ. ಅದಕ್ಕೆ ಎಸ್ ಸೇರಿಸಿದರೆ ಎದುರಾಳಿ ಪ್ರಶ್ನಿಸಿ ಎತ್ತಿಸುತ್ತಾನೆ. ಚಿತ್ರಾನ್ನ, ಬಿಸಿಬೇಳೆಬಾತ್ ಇನ್ನೂ ಇಂಗ್ಲಿಷ್ ನಿಘಂಟಿನ ತನಕ ಹೋಗಿಲ್ಲ. ನಮ್ಮ ಮನೆಯ ಪದ ಎಂಬ ಒಂದೇ ಧೈರ್ಯದಲ್ಲಿ ಬಿಲ್ಲೆ ಇಡಬಾರದು, ಬಿಡುವಿದ್ದಾಗ ಪಟ್ಟಿಯಲ್ಲಿ ನೋಡಿ ಖಚಿತ ಮಾಡಿಕೊಂಡಿರಬೇಕು. ಊರು, ನದಿ, ಮನುಷ್ಯರ ಹೆಸರುಗಳಂತೂ ಸಲ್ಲುವುದೇ ಇಲ್ಲ. ಎರಡಕ್ಷರದ ಓ-ಎಂ, ನಮ್ಮ ಓಂಕಾರ, ಎರಡೂ ನಿಘಂಟುಗಳಲ್ಲಿದೆ.

ಪದ ಗೊತ್ತಿದ್ದರೂ ಕೈಯಲ್ಲಿ ಕಲಸುಮೇಲೋಗರವಾಗಿ ಬಿದ್ದ ಅಕ್ಷರಗಳಲ್ಲಿ ಅದು ಕಾಣಬೇಕಲ್ಲ. ಟೂರ್ನಿ ಆಟಗಾರರು ಇದಕ್ಕೊಂದು ಅಭ್ಯಾಸ ಮಾಡಿಕೊಂಡಿದ್ದಾರೆ. ಬಿಲ್ಲೆಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ, ಆ ಕ್ರಮಕ್ಕೇ ಪದಗಳನ್ನು ನೆನಪಿಟ್ಟುಕೊಳ್ಳುತ್ತಾರೆ. ಎ-ಡಿ-ಐ-ಕ್ಯೂ ಕಂಡ ಕೂಡಲೇ ಖಾಜಿ ಮತ್ತು ಮುಖಂಡ ಇಬ್ಬರೂ ಎದ್ದುಬರಬೇಕು. ಎ-ಎ-ಜಿ-ಆರ್ ಎಂದರೆ ರಾಗ, ಜೊತೆಗೆ ಪಾಚಿಯಿಂದ ತೆಗೆಯುವ ಅಗರ್. ಎ-ಐ-ಆರ್-ಎಸ್ ಎಂದರೆ ಸೀರೆ, ಗಾಳಿಯ ಬಹುವಚನ, ಸಮುದ್ರ ಒಳನುಗ್ಗಿದ ಕಣಿವೆಗಳು. ಎ-ಇ-ಟಿ ಮೂರೇ ಅಕ್ಷರ, ಅದರಲ್ಲಿ ಐದು ಪದ: ಈಟ್, ಏಟ್, ಟೀ, ಗ್ರೀಕ್ ಅಕ್ಷರ ಈಟಾ, ಮತ್ತು ಟಿ-ಎ-ಇ ಎಂಬ ಸ್ಕಾಟ್ ಪದ. ಪ್ರತಿ ಪದದ ಹಿಂದೆ ಮುಂದೆ ಯಾವ ಒಂದಕ್ಷರ ಸೇರಿಸಬಹುದು ಎಂದು ಜೊತೆಯಲ್ಲೇ ಕಲಿತರೆ ಎರಡಕ್ಷರದಿಂದ ಮೂರಕ್ಷರಕ್ಕೆ ದಾರಿ ತಾನಾಗಿ ತೆರೆಯುತ್ತದೆ. ಎ-ಎಕ್ಸ್ ಮುಂದೆ ಟಿ ಬಂದರೆ ತೆರಿಗೆ, ಡಬ್ಲ್ಯೂ ಬಂದರೆ ಮೇಣ, ಎಫ್ ಬಂದರೆ ಫ್ಯಾಕ್ಸ್.

ಪುಟ್ಟ ಪದಗಳನ್ನೇ ನೆಚ್ಚಿ ವಿಶ್ವಕಿರೀಟ ಗೆದ್ದ ಉದಾಹರಣೆ ಇದೆ. 2015ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೈಜೀರಿಯಾದ ವೆಲಿಂಗ್ಟನ್ ಜಿಗೆರೆ ಇಂಗ್ಲೆಂಡಿನ ಲೂಯಿಸ್ ಮೆಕೇಯನ್ನು 4–0ಯಿಂದ ಸೋಲಿಸಿದರು. ಆಫ್ರಿಕದವರೊಬ್ಬರಿಗೆ ಸಿಕ್ಕ ಮೊದಲ ವಿಶ್ವಪಟ್ಟ ಅದು. ಕೊನೆಯಲ್ಲಿ ಅವರಿಗೆ 36 ಅಂಕ ತಂದುಕೊಟ್ಟ ಪದ ‘ಫೆಲ್ಟಿ’, ಬರೀ ಐದಕ್ಷರ. ಏಳೂ ಬಿಲ್ಲೆ ಸುರಿದು ಉದ್ದನೆಯ ಪದ ಇಟ್ಟರೆ ಚೀಲದಿಂದ ಮತ್ತೆ ಏನು ಬರುತ್ತದೋ ಹೇಳಲಾಗದು, ಬೋರ್ಡೂ ಎದುರಾಳಿಗೆ ತೆರೆದುಕೊಳ್ಳುತ್ತದೆ. ಚಿಕ್ಕ ಪದ ಇಟ್ಟು ಒಳ್ಳೆಯ ಬಿಲ್ಲೆಗಳನ್ನು ಕೈಯಲ್ಲೇ ಉಳಿಸಿಕೊಳ್ಳುವುದು, ಬೋರ್ಡನ್ನು ಬಿಗಿಯಾಗಿಡುವುದು ನೈಜೀರಿಯಾದ ಆಟಗಾರರು ಪಳಗಿಸಿಕೊಂಡ ತಂತ್ರ.

ಇಂಗ್ಲಿಷ್ ಮನೆಮಾತಲ್ಲದ ಥಾಯ್ಲೆಂಡಿನಿಂದ ಇಬ್ಬರು ವಿಶ್ವ ಚಾಂಪಿಯನ್ನರು ಬಂದಿದ್ದಾರೆ: 2003ರಲ್ಲಿ ಪಾನುಪೋಲ್ ಸುಜ್ಜಯಾಕೋರ್ನ್, 2009ರಲ್ಲಿ ಪಕೋರ್ನ್ ನೆಮಿತ್ರಮಾನ್ಸುಕ್. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಮೊದಲ ವಿಶ್ವಪಟ್ಟ ಗೆದ್ದದ್ದು ನಮ್ಮ ಮುಂಬೈಯಲ್ಲೇ, 2007ರಲ್ಲಿ. ಅವರೇ 2015ರಲ್ಲಿ ಫ್ರೆಂಚ್ ಭಾಷೆ ಆಡಲು ಬಾರದಿದ್ದರೂ ಫ್ರೆಂಚ್ ಪದಪಟ್ಟಿಯನ್ನು ಕೆಲವೇ ವಾರಗಳಲ್ಲಿ ಓದಿಕೊಂಡು ಹೋಗಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವಪಟ್ಟವನ್ನೂ, 2024ರಲ್ಲಿ ಸ್ಪ್ಯಾನಿಷ್ ಪಟ್ಟವನ್ನೂ ಗೆದ್ದರು. ಈ ಆಟದಲ್ಲಿ ಭಾಷೆಯನ್ನು ಮಾತಾಡುವ ಸಾಮರ್ಥ್ಯ ಒಂದು, ಪದಗಳನ್ನು ಗುರುತಿಸುವ ಸಾಮರ್ಥ್ಯ ಇನ್ನೊಂದು. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ತಡವರಿಸುವ ಹಳ್ಳಿಯ ಶಾಲೆಯ ಹುಡುಗಿಗೂ ಎರಡನೆಯದು ದಕ್ಕುತ್ತದೆ. ಶಾಲೆಯ ಲೈಬ್ರರಿ ಪೀರಿಯಡ್‌ನಲ್ಲಿ ಒಂದು ಬೋರ್ಡು, ಗೋಡೆಯ ಮೇಲೆ ಎರಡಕ್ಷರದ ಪಟ್ಟಿ ಇದ್ದರೆ ಅಷ್ಟೇ ಸಾಕು.

ಪಟ್ಟಿಯನ್ನು ಒಂದೇ ಸಲ ನುಂಗಲು ಹೋಗುವುದು ಬೇಡ. ಮೊದಲ ದಿನ ದುಬಾರಿ ಅಕ್ಷರಗಳ ಆ 11. ಅವನ್ನು ಬಳಸಿ ಎರಡು ಮೂರು ಆಟ ಆಡಿದ ಮೇಲೆ ಸ್ವರಗಳ ಹತ್ತು. ಆಮೇಲೆ ಒಂದೊಂದು ವ್ಯಂಜನ ಹಿಡಿದು ಅದರ ಹಿಂದೆ ಮುಂದೆ ಯಾವ ಸ್ವರ ಬರುತ್ತದೆ ಎಂದು ಬರೆದುಕೊಳ್ಳುವುದು. ‘ಎಂ’ ಇದಕ್ಕೆ ಒಳ್ಳೆಯ ಅಕ್ಷರ: ಐದು ಸ್ವರಗಳ ಮುಂದೆಯೂ ಬರುತ್ತದೆ, ಐ ಒಂದನ್ನು ಬಿಟ್ಟು ಉಳಿದ ನಾಲ್ಕರ ಹಿಂದೆಯೂ ಬರುತ್ತದೆ. ಅರ್ಥವನ್ನೂ ಜೊತೆಗೇ ತಿಳಿದುಕೊಂಡರೆ ಪದ ಮನಸ್ಸಿನಲ್ಲಿ ನಿಲ್ಲುತ್ತದೆ. ಮಕ್ಕಳಿಗಂತೂ ಆ ಮಿಶ್ರತಳಿ ಪ್ರಾಣಿಯ ಚಿತ್ರ ತೋರಿಸಿದರೆ ಝಡ್-ಓ ಮರೆಯುವ ಮಾತೇ ಇಲ್ಲ.

ಮನೆಯಲ್ಲಿ ಆಡುವಾಗ ಜಗಳವಾಗುವುದು ಬಹುತೇಕ ‘ಅಂಥ ಪದ ಇದೆಯೇ’ ಎಂಬ ಒಂದೇ ಪ್ರಶ್ನೆಗೆ. ಚೀಲ ಬಿಚ್ಚುವ ಮೊದಲೇ ಯಾವ ನಿಘಂಟು ಎಂದು ನಿರ್ಧರಿಸಬೇಕು. ಪ್ರಶ್ನಿಸಿದ್ದು ತಪ್ಪಾದರೆ ಏನು ದಂಡ ಎಂಬುದೂ ಆಗಲೇ ಗೊತ್ತಿರಬೇಕು. ಅಮೆರಿಕದ ಟೂರ್ನಿಗಳಲ್ಲಿ ತಪ್ಪಾಗಿ ಪ್ರಶ್ನಿಸಿದವರು ತಮ್ಮ ಸರದಿಯನ್ನೇ ಕಳೆದುಕೊಳ್ಳುತ್ತಾರೆ. ಮನೆಯವರ ನಡುವೆ, ಅದರಲ್ಲೂ ಕಲಿಯುವ ಮಕ್ಕಳ ಜೊತೆ, ದಂಡವಿಲ್ಲದೆ ಆಡುವುದು ಒಳ್ಳೆಯದು. ಎರಡಕ್ಷರದ ಪಟ್ಟಿಯನ್ನು ಬೋರ್ಡಿನ ಪಕ್ಕ ತೆರೆದಿಟ್ಟುಕೊಂಡು ಆಡಿದರೂ ತಪ್ಪಿಲ್ಲ, ನೋಡುತ್ತ ನೋಡುತ್ತಲೇ ಅದು ಬಾಯಿಗೆ ಬರುತ್ತದೆ. ಎಸ್ ಬಿಲ್ಲೆಯನ್ನು ನಾಲ್ಕೈದು ಅಂಕದ ಆಸೆಗೆ ಖರ್ಚು ಮಾಡಬಾರದು. ಯಾವ ಅಕ್ಷರವಾಗಿಯಾದರೂ ಬಳಸಬಹುದಾದ ಖಾಲಿ ಬಿಲ್ಲೆಗಳು ಎರಡೇ ಇರುವುದರಿಂದ ಅವುಗಳ ವಿಷಯದಲ್ಲಿ ಇನ್ನೂ ಬಿಗಿ ಇರಬೇಕು.

ಆಟ ಕೊನೆಗೆ ಬರುತ್ತಿದ್ದಂತೆ ಬೋರ್ಡಿನಲ್ಲಿ ಕಾಣದ ದುಬಾರಿ ಅಕ್ಷರ ಯಾವುದು ಎಂದು ಲೆಕ್ಕ ಹಾಕುವುದು ಅಗತ್ಯ. ಚೀಲದಲ್ಲಿ ಏಳಕ್ಕಿಂತ ಕಡಿಮೆ ಬಿಲ್ಲೆ ಉಳಿದ ಮೇಲೆ ಕೈಯಲ್ಲಿರುವುದನ್ನು ಬದಲಿಸಿಕೊಳ್ಳಲು ನಿಯಮ ಬಿಡುವುದಿಲ್ಲ. ಆದ್ದರಿಂದ ಕ್ಯೂ ಇನ್ನೂ ಹೊರಬಂದಿಲ್ಲ ಎಂದಾದರೆ ಬೋರ್ಡಿನಲ್ಲಿ ಎಡಬದಿ ಅಥವಾ ಮೇಲ್ಬದಿ ಖಾಲಿ ಇರುವ ‘ಐ’ ಯಾವುದಿದೆ ಎಂದು ಮೊದಲೇ ಗುರುತಿಸಿಡಬೇಕು. ಅಂಥದ್ದು ಒಂದೇ ಉಳಿದಿದ್ದು ಕ್ಯೂ ನಿಮ್ಮ ಕೈಯಲ್ಲಿದ್ದರೆ ತಡಮಾಡದೆ ಅಲ್ಲೇ ಇಟ್ಟುಬಿಡಿ. ಕ್ಯೂ ಎದುರಾಳಿಯ ಕೈಯಲ್ಲಿದೆ ಎಂಬ ಗುಮಾನಿ ಬಂದರೆ ಆ ಜಾಗವನ್ನು ಬೇರೆ ಯಾವುದಾದರೂ ಬಿಲ್ಲೆಯಿಂದ ನೀವೇ ಮುಚ್ಚಿ.